ಕಟಪಾಡಿಯ ಮಳೆ ಕಂಡವರಿಗೆ ಬಹ್ರೈನ್ ಮಳೆಯ ಹೆದರಿಕೆ ಯಾಕೆ?

ಪ್ರಶ್ನೆ: ನಾನು ಉಡುಪಿ ಹತ್ತಿರದ ಕಟಪಾಡಿಯವಳು. ಮದುವೆಯಾಗಿ ಬಹ್ರೈನ್‌ಗೆ ಹೋಗಿ 9 ವರ್ಷ ಆಯಿತು. ಮನಾಮಾದ ಗುದೈಬಿಯಾದಲ್ಲಿ ಒಂದು ಹಳೇ ಕಟ್ಟಡದ ಗ್ರೌಂಡ್ ಫ್ಲೋರ್‌ನಲ್ಲಿ ನಾನು, ಗಂಡ, ಇಬ್ಬರು ಮಕ್ಕಳು ಮತ್ತು ಅತ್ತೆ ಇದ್ದೇವೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಇದ್ದಕ್ಕಿದ್ದ ಹಾಗೆ ಗಾಳಿ, ಧೂಳು, ಆಮೇಲೆ ಗುಡುಗು ಮಳೆ. ಎರಡು ಗಂಟೆಯೂ ಬಂದಿರಲಿಕ್ಕಿಲ್ಲ. ಅಷ್ಟರಲ್ಲಿ ರಸ್ತೆಯ ನೀರು ಬಾಗಿಲ ಸಂದಿಯಿಂದ ಒಳಗೆ ಬಂತು. ಹಾಲ್‌ನಲ್ಲಿ ನಾಲ್ಕು ಬೆರಳು ನೀರು. ಟಿವಿ ಹತ್ತಿರದ ಪ್ಲಗ್ಗಿನಿಂದ ಚಟಚಟ ಶಬ್ದ ಬಂದು ಕರೆಂಟ್ ಹೋಯಿತು. ನಾನೇ ಎರಡು ಸಲ ಸ್ವಿಚ್ ಎತ್ತಿದೆ, ನಿಲ್ಲಲಿಲ್ಲ. ಕಟ್ಟಡದ ವಾಚ್‌ಮನ್ ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆದ ಮೇಲೆ ನೀರಿಗೆ ಗಲೀಜು ವಾಸನೆ ಬಂತು. ಸಲ್ಮಾಬಾದ್‌ನಿಂದ ಬರುತ್ತಿದ್ದ ಗಂಡನ ಕಾರು ನೀರಿನಲ್ಲಿ ನಿಂತಿತು. ಅವರು ಮತ್ತೆ ಮತ್ತೆ ಸ್ಟಾರ್ಟ್ ಮಾಡಿದರು, ಎಂಜಿನ್ ಹೋಯಿತು. ಮಂಚದ ಅಡಿಯ ಸೂಟ್‌ಕೇಸಿನಲ್ಲಿದ್ದ ಮಗನ ಪಾಸ್‌ಪೋರ್ಟೂ ಒದ್ದೆಯಾಯಿತು. ರಸ್ತೆಯ ನೀರು ಮೂರು ದಿನ ಹಾಗೇ ನಿಂತಿತ್ತು.

ಈಗ ಶಾಲೆಯ ರಜೆಗೆ ಊರಿಗೆ ಬಂದಿದ್ದೇವೆ. ಇಲ್ಲಿ ತುಳುವರ ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿದೆ, ಮಕ್ಕಳು ಅಂಗಳದಲ್ಲಿ ಆಡುತ್ತಿದ್ದಾರೆ. 'ಇದರ ಎದುರು ಅಲ್ಲಿಯದ್ದೊಂದು ಮಳೆಯಾ? ಅದಕ್ಕೆ ಇಷ್ಟು ಹೆದರಿದೆಯಾ?' ಅಂತ ಅಮ್ಮ ಕೇಳುತ್ತಾರೆ. ನನಗೆ ಮಾತ್ರ ಆ ಸಂಜೆ ಮರೆಯಲಿಕ್ಕೇ ಆಗುತ್ತಿಲ್ಲ. ಎಲ್ಲ ಮೋಡ ಬಿತ್ತನೆಯಿಂದ ಆದದ್ದು, ಇನ್ನು ಪ್ರತಿ ವರ್ಷ ಹೀಗೇ ಅಂತ ವಾಟ್ಸ್ಯಾಪ್‌ನಲ್ಲಿ ಬರುತ್ತಿದೆ. ಗಂಡ ಮೇಲಿನ ಮಹಡಿಯ ಮನೆ ಹುಡುಕುತ್ತಿದ್ದಾರೆ, ಆದರೆ ಅತ್ತೆಗೆ ಮಂಡಿ ನೋವು. ಮಕ್ಕಳನ್ನು ಇಲ್ಲೇ ಶಾಲೆಗೆ ಸೇರಿಸಲಾ ಅಂತಲೂ ಅನಿಸುತ್ತದೆ. ಸೆಪ್ಟೆಂಬರ್ ಒಳಗೆ ತೀರ್ಮಾನ ಮಾಡಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನೀರು, ಕಾರು, ಪಾಸ್‌ಪೋರ್ಟ್ ಎಲ್ಲ ಇದೆ. ಆದರೆ ನಾನು ಓದುತ್ತಾ ಗಕ್ಕನೆ ನಿಂತದ್ದು ಒಂದು ಸಣ್ಣ ಸಾಲಿನಲ್ಲಿ: 'ನಾನೇ ಎರಡು ಸಲ ಸ್ವಿಚ್ ಎತ್ತಿದೆ.' ನೆಲದಲ್ಲಿ ನೀರು ನಿಂತಿರುವಾಗ, ಒದ್ದೆ ಕಾಲಿನಲ್ಲಿ. ದೇವರ ದಯೆ, ಏನೂ ಆಗಲಿಲ್ಲ. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ಈ ಉತ್ತರದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಆ ಭಾಗ ಮರೆಯಬೇಡಿ.

ನಾನು 21 ವರ್ಷ ಬಹ್ರೈನ್‌ನಲ್ಲಿ ಕಟ್ಟಡಗಳ ಮೇಂಟೆನೆನ್ಸ್ ಎಂಜಿನಿಯರ್ ಆಗಿದ್ದೆ. ಹೂರಾ, ಗುದೈಬಿಯಾ, ಮುಹರಖ್ ಕಡೆಯ ಹಳೇ ಕಟ್ಟಡಗಳ ನೀರು, ಕರೆಂಟ್, ಡ್ರೈನೇಜ್ ನೋಡುವುದೇ ನನ್ನ ಕೆಲಸ. ಈಗ ಉಡುಪಿಯಲ್ಲಿ ಮನೆಗಳ ಸೋರಿಕೆ ನೋಡಿಕೊಂಡಿದ್ದೇನೆ. ಎರಡೂ ಕಡೆಯ ಮಳೆಯಲ್ಲಿ ಟೆರೇಸ್ ಹತ್ತಿದವನಾಗಿ ಹೇಳುತ್ತೇನೆ, ನಿಮ್ಮ ಹೆದರಿಕೆ ಸುಮ್ನೆ ಬಂದದ್ದಲ್ಲ. ಅಮ್ಮ ಹೇಳಿದ್ದರಲ್ಲೂ ತಪ್ಪಿಲ್ಲ, ಅವರು ನೋಡಿದ ಮಳೆಗೆ ಅವರ ಮಾತು ಸರಿ. ಅದೇ ಮನೆಗೆ ವಾಪಸ್ ಹೋಗಬಹುದಾ, ಮೇಲೆ ಹೋಗಬೇಕಾ, ಮಕ್ಕಳನ್ನು ಊರಲ್ಲೇ ಬಿಡಬೇಕಾ, ಇದು ನಿಮ್ಮ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಆ ಸಂಜೆ ಯಾಕೆ ಹಾಗಾಯಿತು ಅಂತ ಮೊದಲು ಗೊತ್ತಾಗಬೇಕು.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಬಹ್ರೈನ್‌ನಲ್ಲಿ 70ರಿಂದ 80. ಅಲ್ಲಿ ಇಡೀ ವರ್ಷ ಬೀಳುವುದು ಇಲ್ಲಿ ಆಟಿಯ ಒಂದು ಜೋರು ದಿನಕ್ಕೆ ಸಮ. ಅದಕ್ಕೇ ಅಮ್ಮನಿಗೆ ಅದು ಮಳೆಯೇ ಅಲ್ಲ ಅನಿಸುತ್ತದೆ. ಈಗ ಲೆಕ್ಕ ತಿರುಗಿಸಿ ನೋಡಿ. ಬಹ್ರೈನ್‌ನಲ್ಲಿ ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ವರ್ಷದ ಮಳೆಯ ಮೂರರಲ್ಲಿ ಎರಡು ಪಾಲು ಎರಡು ಗಂಟೆಯಲ್ಲಿ ಬಂದ ಹಾಗೆ. ಉಡುಪಿಯ ಲೆಕ್ಕಕ್ಕೆ ತಂದರೆ, ಜೂನ್ ಮತ್ತು ಜುಲೈ ಎರಡೂ ತಿಂಗಳ ಮಳೆ ಒಂದೇ ಸಂಜೆ! ಕಟಪಾಡಿಯಾದರೂ ತಡೆದೀತಾ?

ಹೇಗೂ ಊರಲ್ಲಿದ್ದೀರಿ. ಇವತ್ತು ಮಳೆ ಬರುವಾಗ ಅಮ್ಮನ ಮನೆಯ ಜಗಲಿಯಲ್ಲಿ ಕುಳಿತು ನೀರನ್ನೇ ನೋಡಿ. ಹಂಚಿನ ಮಾಡು ಇಳಿಜಾರು, ಅಲ್ಲಿ ನೀರು ಒಂದು ಕ್ಷಣ ನಿಲ್ಲುವುದಿಲ್ಲ. ಇಳಿದು ಅಂಗಳಕ್ಕೆ, ಅಂಗಳದ ಬದಿಯ ಕಣಿಗೆ, ಕಣಿಯಿಂದ ಗದ್ದೆಗೆ, ಗದ್ದೆಯಿಂದ ತೋಡಿಗೆ, ತೋಡಿನಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ. ಒಂದಷ್ಟನ್ನು ಮುರಕಲ್ಲಿನ ನೆಲ ಕುಡಿಯುತ್ತದೆ, ಅದು ಬಾವಿಯಲ್ಲಿ ಕಾಣುತ್ತದೆ. ಈ ದಾರಿಯನ್ನು ಯಾವುದೋ ಇಲಾಖೆ ಒಂದು ವರ್ಷದಲ್ಲಿ ಮಾಡಿದ್ದಲ್ಲ. ಘಟ್ಟದಿಂದ ಕಡಲಿನವರೆಗೆ ಇಡೀ ನೆಲವೇ ಇಳಿಜಾರು. ಅದರ ಮೇಲೆ ನಮ್ಮ ಹಿರಿಯರು ಪ್ರತಿ ವರ್ಷ ಮಳೆಗೆ ಮೊದಲು ಕಣಿ ಬಿಡಿಸಿದರು, ಹಂಚು ಕೈಯಾಡಿಸಿದರು, ಕಟ್ಟಿಗೆ ಒಳಗೆ ಹಾಕಿದರು. ಮೇ ಕೊನೆಯ ಪತ್ತನಾಜೆ ಕಳೆದರೆ ಯಕ್ಷಗಾನದ ಆಟ, ಭೂತದ ಕೋಲ ಎಲ್ಲ ನಿಲ್ಲುತ್ತದೆ. ಮಳೆಗೆ ಅಂತಲೇ ಒಂದು ಪಂಚಾಂಗ ನಮ್ಮಲ್ಲಿದೆ.

ಈ ದಾರಿಗೆ ಅಡ್ಡ ಬಂದಾಗ ನಮ್ಮಲ್ಲೂ ಮುಳುಗುತ್ತದೆ. 2018ರ ಮೇ 29ರಂದು ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಏನಾಯಿತು ಅಂತ ಎಲ್ಲರಿಗೂ ನೆನಪಿದೆ. ರಾಜಕಾಲುವೆ ಕಿರಿದಾದಲ್ಲೆಲ್ಲ ನೀರು ಮನೆಗೆ ನುಗ್ಗಿತು. 2020ರ ಸೆಪ್ಟೆಂಬರ್ 20, ಒಂದು ಭಾನುವಾರ, ಉಡುಪಿಯಲ್ಲಿ ಇಂದ್ರಾಣಿ ಹೊಳೆ ಉಕ್ಕಿ ಕಲ್ಸಂಕದ ಸುತ್ತ ನೀರೇ ನೀರು. ಜೀವಮಾನವಿಡೀ ಮಳೆ ಕಂಡವರೂ ಅವತ್ತು ಹೆದರಿದರು. ಅಮ್ಮನಿಗೂ ಆ ದಿನ ನೆನಪಿರಬೇಕು, ಕೇಳಿ ನೋಡಿ.

ಬಹ್ರೈನ್‌ಗೆ ಆ ದಾರಿಯೇ ಇಲ್ಲ. ಒಂದು ಹೊಳೆ ಇಲ್ಲ, ತೋಡು ಇಲ್ಲ. ಮಧ್ಯದ ಜಬಲ್ ಅಲ್ ದುಖಾನ್ ಬಿಟ್ಟರೆ ಗುಡ್ಡ ಅನ್ನುವಂಥದ್ದಿಲ್ಲ, ಅದೂ 140 ಮೀಟರ್ ಮುಟ್ಟುವುದಿಲ್ಲ. ಮನಾಮಾದ ಬಹಳಷ್ಟು ಕರಾವಳಿ ಸಮುದ್ರಕ್ಕೆ ಮಣ್ಣು ತುಂಬಿಸಿ ಮಾಡಿದ ನೆಲ. ತಗ್ಗು, ಸಪಾಟು. ಸ್ವಲ್ಪ ಅಗೆದರೆ ಉಪ್ಪುನೀರು ಸಿಗುತ್ತದೆ, ಹಾಗಾಗಿ ನೆಲ ಕುಡಿಯುವುದು ಕಡಿಮೆ. ತಿಂಗಳುಗಟ್ಟಲೆ ಕೂತ ನುಣ್ಣನೆಯ ಧೂಳು ಒದ್ದೆಯಾದ ಕೂಡಲೇ ಹಿಟ್ಟಿನ ಹಾಗೆ ಅಂಟಿ ಇದ್ದಬದ್ದ ತೂತು ಮುಚ್ಚುತ್ತದೆ. ಪೈಪ್ ಹಾಕೋಣ ಅಂದರೆ ಪೈಪಿಗೆ ಇಳಿಜಾರು ಬೇಕು. ಸಮುದ್ರಕ್ಕೆ ಬಿಡೋಣ ಅಂದರೆ ಉಬ್ಬರದ ಹೊತ್ತಿಗೆ ಪೈಪಿನ ಬಾಯಿಯೇ ನೀರಿನಲ್ಲಿ. ಹೊಸ ಹೆದ್ದಾರಿ, ಹೊಸ ಬಡಾವಣೆಗಳಲ್ಲಿ ವ್ಯವಸ್ಥೆ ಇದೆ. ನಿಮ್ಮಂಥ ಹಳೇ ಏರಿಯಾಗಳಲ್ಲಿ ನಿಂತ ನೀರನ್ನು ಟ್ಯಾಂಕರ್ ಬಂದು ಹೀರಿಕೊಂಡೇ ಹೋಗಬೇಕು. ಮೂರು ದಿನ ನಿಂತದ್ದು ಅದಕ್ಕೇ.

ಇನ್ನು ಆ ಮಳೆಯ ಸ್ವಭಾವ. ನಮ್ಮ ಮಳೆ ಅರಬ್ಬಿ ಸಮುದ್ರದಿಂದ ತಿಂಗಳ ಲೆಕ್ಕದಲ್ಲಿ ಬರುತ್ತದೆ. ಅಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಪಶ್ಚಿಮದಿಂದ ಬರುವ ಮಾರುತಗಳು ಒಂದೆರಡು ದಿನ ಮಳೆ ಕೊಟ್ಟು ಹೋಗುತ್ತವೆ. ಚಳಿ ಮುಗಿದು ಸೆಕೆ ಏರುವ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಒಂದು ತರದ ಗುಡುಗು ಮಳೆ ಇದೆ, ಅಲ್ಲಿಯವರು 'ಸರಾಯಾತ್' ಅನ್ನುತ್ತಾರೆ. ಮಧ್ಯಾಹ್ನದವರೆಗೆ ಆಕಾಶ ಸ್ವಚ್ಛ. ಸಂಜೆಗೆ ಧೂಳಿನ ಗೋಡೆ ಎದ್ದು, ಅರ್ಧ ಗಂಟೆಯಲ್ಲಿ ಸಿಡಿಲು, ಮಳೆ. ಇಂಥದ್ದು ಬರಬಹುದು ಅಂತ ಹವಾಮಾನದವರು ಹೇಳುತ್ತಾರೆ. ಯಾವ ಬೀದಿಗೆ, ಎಷ್ಟು ಹೊತ್ತಿಗೆ ಅಂತ ಹೇಳುವುದು ಯಾರಿಗೂ ಕಷ್ಟ. ನೀವು ಬರೆದದ್ದು ಓದಿದರೆ ಅದೇ ಅನಿಸುತ್ತದೆ.

ಮೋಡ ಬಿತ್ತನೆಯ ಮಾತಿಗೆ ಜಾಸ್ತಿ ಹೊತ್ತು ಬೇಡ. ಬಿತ್ತನೆ ಅಂದರೆ ಈಗಾಗಲೇ ಇರುವ ಮೋಡಕ್ಕೆ ಉಪ್ಪಿನಂಥ ಕಣ ಚೆಲ್ಲಿ ಸ್ವಲ್ಪ ಹೆಚ್ಚು ಮಳೆ ಸಿಗುತ್ತದಾ ಅಂತ ನೋಡುವುದು. ಇಲ್ಲದ ಮೋಡವನ್ನು ಅದು ಹುಟ್ಟಿಸುವುದಿಲ್ಲ. 2024ರ ಏಪ್ರಿಲ್ 16ರಂದು ದುಬೈ ಮುಳುಗಿದಾಗಲೂ ಇದೇ ಸುದ್ದಿ ಓಡಾಡಿತು. ಆ ದಿನ ಅಲ್ ಐನ್ ಕಡೆ ಒಂದು ಕಡೆ 254.8 ಮಿಲಿಮೀಟರ್ ಬಿತ್ತು. 1949ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ಇರಲಿಲ್ಲ. ಆದರೆ ಆ ಮಳೆ ಬರುತ್ತದೆ ಅಂತ ಕೆಲವು ದಿನ ಮೊದಲೇ ಮುನ್ಸೂಚನೆ ಇತ್ತು, ಒಮಾನ್‌ನಿಂದ ಬಹ್ರೈನ್‌ವರೆಗೆ ಅದೇ ಮಾರುತ ಮಳೆ ಸುರಿಸಿತ್ತು. ಆ ಹೊತ್ತಿಗೆ ಬಿತ್ತನೆ ಮಾಡಿಲ್ಲ ಅಂತ ಯುಎಇಯ ಹವಾಮಾನ ಕೇಂದ್ರವೂ ಹೇಳಿತು. ಇನ್ನು ಪ್ರತಿ ವರ್ಷ ಹೀಗೇ ಆಗುತ್ತದೆ ಅನ್ನುವುದಕ್ಕೂ ಆಧಾರ ಇಲ್ಲ. ಬಿಸಿಯಾದ ಗಾಳಿ ಹೆಚ್ಚು ನೀರು ಹೊರುತ್ತದೆ, ಹಾಗಾಗಿ ಬಂದಾಗ ಜೋರಾಗಿ ಬರುವ ಸಂಭವ ಜಾಸ್ತಿ. ಅಷ್ಟಕ್ಕೆ ತಯಾರಿ ಇಟ್ಟುಕೊಂಡರೆ ಸಾಕು.

ಈಗ ಕರೆಂಟ್. ಆ ದಿನ ತನ್ನಷ್ಟಕ್ಕೆ ಬಿದ್ದ ಸ್ವಿಚ್ ಬಹುಶಃ ಇಎಲ್‌ಸಿಬಿ. ಪ್ಲಗ್ಗಿನಿಂದ ಕರೆಂಟ್ ನೀರಿಗೆ, ನೆಲಕ್ಕೆ ಸೋರಿದಾಗ ಅದು ಬೀಳುತ್ತದೆ. ಅದು ಬಿದ್ದದ್ದರಿಂದಲೇ ಮಕ್ಕಳು ಆ ನೀರಿನಲ್ಲಿ ನಡೆದೂ ಕ್ಷೇಮವಾಗಿದ್ದಾರೆ. ಅದನ್ನು ಬಲವಂತವಾಗಿ ಎತ್ತಿದರೆ ಸೋರಿಕೆ ಮತ್ತೆ ಶುರು. ಎತ್ತಿದರೂ ನಿಲ್ಲಲಿಲ್ಲ ಅಂದಿರಿ, ಅದು ನಿಮ್ಮ ಪುಣ್ಯ. ಕೆಲವು ಹಳೇ ಕಟ್ಟಡಗಳಲ್ಲಿ ಪದೇ ಪದೇ ಬೀಳುತ್ತದೆ ಅಂತ ಯಾರೋ ಅದನ್ನು ಬೈಪಾಸ್ ಮಾಡಿಬಿಟ್ಟಿರುತ್ತಾರೆ. ಅಂಥ ಬೋರ್ಡುಗಳನ್ನು ನಾನು ಕೈಯಾರೆ ಬಿಚ್ಚಿದ್ದೇನೆ, ನೋಡಿ ಕೈಕಾಲು ತಣ್ಣಗಾಗಿದೆ.

ನೀರು ಒಳಗೆ ಬರುವ ಸೂಚನೆ ಕಂಡ ಕೂಡಲೇ, ನೆಲ ಒಣಗಿರುವಾಗಲೇ ಮೇನ್ ಆಫ್ ಮಾಡಿ. ಬೋರ್ಡಿನ ಹತ್ತಿರ ಆಗಲೇ ನೀರಿದ್ದರೆ ಮುಟ್ಟಲೇ ಬೇಡಿ, ಎಲ್ಲರನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿ. ನೆಲದಲ್ಲಿ ಬಿದ್ದಿರುವ ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲಕ್ಕಿಂತ ಅಪಾಯ, ಯಾಕೆಂದರೆ ನೀರು ಮೊದಲು ಮುಟ್ಟುವುದು ಅದನ್ನೇ. ಟಿವಿ ಹತ್ತಿರ ಚಟಚಟ ಅಂದದ್ದೂ ಅದೇ ಇರಬೇಕು. ಇವತ್ತೇ ಗಂಡನಿಗೆ ಫೋನ್ ಮಾಡಿ, ಮನೆಯ ಎಲ್ಲ ಎಕ್ಸ್‌ಟೆನ್ಶನ್ ಬೋರ್ಡುಗಳನ್ನು ಗೋಡೆಗೆ ಮೊಳಕಾಲ ಮೇಲಕ್ಕೆ ಏರಿಸಿ ಅಂತ ಹೇಳಿ. ಆಮೇಲೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ವೈರಿಂಗನ್ನು ಮೆಗ್ಗರ್, ಅಂದರೆ ಸೋರಿಕೆ ಅಳೆಯುವ ಮೀಟರ್, ಹಾಕಿ ನೋಡಿಸಲಿ. ಪ್ಲಗ್ ಒಣಗಿದ ಹಾಗೆ ಕಂಡರೂ ಒಳಗೆ ಉಪ್ಪು, ಕೆಸರು ಕೂತಿರುತ್ತದೆ. ಇಎಲ್‌ಸಿಬಿ 30 ಮಿಲಿ ಆಂಪಿಯರ್‌ನದ್ದಾ ಅಂತಲೂ ಕೇಳಲಿ. 100ರದ್ದು ಇದ್ದರೆ ಅದು ಮನೆಯನ್ನು ಬೆಂಕಿಯಿಂದ ಕಾಯಬಹುದು, ಮನುಷ್ಯನ ಜೀವಕ್ಕೆ ಅದನ್ನು ನಂಬುವ ಹಾಗಿಲ್ಲ.

ವಾಚ್‌ಮನ್, ನಾವೆಲ್ಲ ಅಲ್ಲಿ ನಾತೂರ್ ಅಂತ ಕರೆಯುವವರು, ಮ್ಯಾನ್‌ಹೋಲ್ ತೆಗೆದದ್ದು ಒಳ್ಳೆಯ ಮನಸ್ಸಿನಿಂದಲೇ. ನೀರು ಇಳಿಯಲಿ ಅಂತ. ಆದರೆ ಅದು ಮಳೆನೀರಿನ ದಾರಿ ಅಲ್ಲ, ಟಾಯ್ಲೆಟ್ ನೀರಿನ ದಾರಿ. ಮಳೆನೀರು ಅದರಲ್ಲಿ ತುಂಬಿದರೆ ಎಲ್ಲರ ಮನೆಯ ಗಲೀಜು ತಗ್ಗಿನ ಮನೆಯ ಬಚ್ಚಲಲ್ಲಿ ಮೇಲೆ ಬರುತ್ತದೆ. ತೆರೆದ ಗುಂಡಿ ಕೆಸರು ನೀರಿನಲ್ಲಿ ಕಾಣುವುದೂ ಇಲ್ಲ, ನಡೆಯುವವರು ಬೀಳುತ್ತಾರೆ.

ಇದಕ್ಕಿಂತ ನನಗೆ ಚಿಂತೆ ಇನ್ನೊಂದು, ನೀವು ಅದನ್ನು ಬರೆದೇ ಇಲ್ಲ. ಹಳೇ ಕಟ್ಟಡಗಳಲ್ಲಿ ಕುಡಿಯುವ ನೀರಿನ ಗ್ರೌಂಡ್ ಟ್ಯಾಂಕ್ ನೆಲದ ಒಳಗೆ ಇರುತ್ತದೆ, ನಮ್ಮ ಸಂಪಿನ ಹಾಗೆ. ಅದರ ಮುಚ್ಚಳ ನೆಲದ ಮಟ್ಟಕ್ಕೇ. ರಸ್ತೆಯ ನೀರು ನಿಮ್ಮ ಹಾಲ್‌ಗೆ ಬಂದಿದೆ ಅಂದರೆ ಆ ಮುಚ್ಚಳದ ಮೇಲೂ ನಿಂತಿದೆ. ಅಲ್ಲಿಂದ ಪಂಪ್ ಆ ನೀರನ್ನು ಮೇಲಿನ ಟ್ಯಾಂಕಿಗೆ, ಎಲ್ಲ ಮನೆಗಳ ನಲ್ಲಿಗೆ ಕೊಡುತ್ತದೆ. ಎರಡು ದಿನ ಬಿಟ್ಟು ಮಕ್ಕಳಿಗೆ ಹೊಟ್ಟೆ ಕೆಟ್ಟರೆ ಮಳೆಯ ನೆನಪೂ ಯಾರಿಗೂ ಬರುವುದಿಲ್ಲ. ಆ ಟ್ಯಾಂಕ್ ಖಾಲಿ ಮಾಡಿ, ತಿಕ್ಕಿ ತೊಳೆದು, ಕ್ಲೋರಿನ್ ಹಾಕಿದ್ದಾರಾ ಅಂತ ಗಂಡ ಕೇಳಲಿ. ಇಲ್ಲ ಅಂತಾದರೆ ನೀವು ಹೋಗುವ ಮೊದಲು ಮಾಡಿಸಲಿ. ಇನ್ನೊಂದು ಸಲ ಹಾಗಾದರೆ, ಟ್ಯಾಂಕ್ ತೊಳೆಯುವವರೆಗೆ ಹಲ್ಲುಜ್ಜಲಿಕ್ಕೂ ಬಾಟಲಿ ನೀರು.

ಇನ್ನು ಮನೆ ಬದಲಾಯಿಸುವ ವಿಷಯ. ಮೇಲೆ ಹೋದರೆ ಮುಗಿಯಿತು ಅಂತ ನಿಮ್ಮವರು ಅಂದುಕೊಂಡಿರಬಹುದು. ಅಲ್ಲಿ ಒಂದು ಕಥೆ ಹೇಳಲೇಬೇಕು. ಹೂರಾದಲ್ಲಿ ಒಂದು ಐದು ಮಹಡಿಯ ಕಟ್ಟಡ. ಮಳೆ ನಿಂತ ಮರುದಿನ ಕರೆ ಬಂತು, ಐದನೇ ಮಹಡಿಯ ಬೆಡ್‌ರೂಮಿನಲ್ಲಿ ಸೀಲಿಂಗ್‌ನಿಂದ ನೀರು ಧಾರೆಯಾಗಿ ಬೀಳುತ್ತಿದೆ, ಸ್ಲ್ಯಾಬ್ ಬಿರುಕು ಬಿಟ್ಟಿದೆ ಅಂತ. ಟೆರೇಸ್ ಹತ್ತಿದರೆ ಪ್ಯಾರಾಪೆಟ್ ಒಳಗೆ ಕೆರೆಯ ಹಾಗೆ ನೀರು, ನನ್ನ ಕಣಕಾಲು ಮುಳುಗುವಷ್ಟು. ನೀರು ಇಳಿಯುವ ತೂತು ಹುಡುಕಲಿಕ್ಕೇ ಹತ್ತು ನಿಮಿಷ ಬೇಕಾಯಿತು. ಕೈ ಹಾಕಿ ಎಳೆದರೆ ಪಾರಿವಾಳದ ಪುಕ್ಕ, ಹಿಕ್ಕೆ, ಕೆಸರು, ಒಂದು ಪ್ಲಾಸ್ಟಿಕ್ ಚೀಲ. ಗುಳುಗುಳು ಅಂತ ಶಬ್ದ ಬಂತು, ಅರ್ಧ ಗಂಟೆಯಲ್ಲಿ ಟೆರೇಸ್ ಖಾಲಿ. ಸ್ಲ್ಯಾಬಿಗೆ ಏನೂ ಆಗಿರಲಿಲ್ಲ. ಎಸಿ ಪೈಪ್ ಇಳಿಸಲು ಕೊರೆದ ತೂತಿನ ಮಟ್ಟಕ್ಕೆ ನೀರು ಏರಿ ಅದರಿಂದ ಇಳಿದಿತ್ತು, ಅಷ್ಟೇ. ಹತ್ತು ಮೀಟರ್‌ಗೆ ಇಪ್ಪತ್ತು ಮೀಟರ್ ಟೆರೇಸ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಒಂದು ದೊಡ್ಡ ಟ್ಯಾಂಕರ್. ಅದು ಒಂದು ಮುಷ್ಟಿ ಪುಕ್ಕಕ್ಕೆ ನಿಂತಿತ್ತು.

ನಮ್ಮ ಕರಾವಳಿಯಲ್ಲಿ ಆರ್‌ಸಿಸಿ ಮನೆ ಕಟ್ಟಿದವರು ಎರಡು ಮಳೆಗಾಲ ನೋಡಿ ಮೇಲೆ ಶೀಟ್ ಹಾಕಿಸುತ್ತಾರೆ. ಅಲ್ಲಿ ಶೀಟ್ ಇಲ್ಲ. ಟಾರಿನ ಹಾಳೆಯ ವಾಟರ್‌ಪ್ರೂಫಿಂಗ್ ಇರುತ್ತದೆ, 45 ಡಿಗ್ರಿ ಬಿಸಿಲಿಗೆ ಅದು ಕೆಲವೇ ವರ್ಷದಲ್ಲಿ ಒಣಗಿ ಬಾಯಿ ಬಿಡುತ್ತದೆ. ಮಳೆಯೇ ಇಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಕೊನೆಯ ಮಹಡಿ ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಎಸಿ ಖರ್ಚೂ ಅಲ್ಲಿ ಜಾಸ್ತಿ.

ಮಧ್ಯದ ಮಹಡಿ, ಉದಾಹರಣೆಗೆ ನಾಲ್ಕನೆಯದು? ಲಿಫ್ಟ್ ನಂಬಿ ಹೋಗಬೇಕು. ಇಡೀ ಕಟ್ಟಡದಲ್ಲಿ ಲಿಫ್ಟಿನ ಗುಂಡಿಯೇ ತಗ್ಗಿನ ಜಾಗ, ನೀರು ಮೊದಲು ಸೇರುವುದೂ ಅಲ್ಲೇ. ನೀರು ಬಂದರೆ ಲಿಫ್ಟ್ ದಿನಗಟ್ಟಲೆ ಬಂದ್. ಅತ್ತೆಯ ಮಂಡಿಗೆ ನಾಲ್ಕು ಮಹಡಿ ಆಗುವ ಮಾತಲ್ಲ. ನೀರಿನ ಪಂಪೂ ಕೆಳಗೇ ಇರುವುದರಿಂದ ಕರೆಂಟ್ ಹೋದರೆ ಮೇಲಿನ ಟ್ಯಾಂಕಿನಲ್ಲಿ ಇದ್ದಷ್ಟೇ ನೀರು.

ಎಲ್ಲ ಲೆಕ್ಕ ಹಾಕಿದರೆ ನನ್ನ ಮನಸ್ಸು ಹೇಳುವುದು ಮೊದಲನೇ ಮಹಡಿ. ರಸ್ತೆಯ ನೀರು ಮುಟ್ಟುವುದಿಲ್ಲ, ಟೆರೇಸ್ ದೂರ, ಲಿಫ್ಟ್ ನಿಂತರೂ ಅತ್ತೆ ಒಂದು ಸುತ್ತು ಮೆಟ್ಟಿಲು ಕೈಹಿಡಿದು ಹತ್ತಬಹುದು. ಅದೇ ಕಟ್ಟಡದಲ್ಲಿ ಖಾಲಿ ಇದ್ದರೆ ಇನ್ನೂ ಒಳ್ಳೆಯದು, ಶಾಲೆಯ ಬಸ್ಸು, ಪಕ್ಕದ ಕೋಲ್ಡ್ ಸ್ಟೋರ್ ಅನ್ನುವ ದಿನಸಿ ಅಂಗಡಿ, ಗುರುತಿನವರು ಯಾವುದೂ ಬದಲಾಗುವುದಿಲ್ಲ. ರಿಫಾ ಕಡೆ ನೆಲ ಎತ್ತರ, ಅಲ್ಲಿ ಹೋಗಿ ಅಂತ ಕೆಲವರು ಹೇಳಬಹುದು. ಎತ್ತರ ಹೌದು, ಆದರೆ ಅಲ್ಲೂ ತಗ್ಗಿನ ಬೀದಿಗಳಿವೆ, ಗಂಡನ ಓಡಾಟ ಬೇರೆ ಜಾಸ್ತಿಯಾಗುತ್ತದೆ. ಯಾವ ಮನೆ ನೋಡಲು ಹೋದರೂ ಗೋಡೆಯ ಬುಡದಲ್ಲಿ ಪೇಂಟ್ ಉಬ್ಬಿದೆಯಾ, ಒಂದೇ ಮಟ್ಟದಲ್ಲಿ ಗೆರೆ ಇದೆಯಾ ಅಂತ ನೋಡಿ. ಹಳೇ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೋಡೆ ಹೇಳುತ್ತದೆ. ಮೇಲಿನ ಮನೆಯಾದರೆ ಎಸಿ ಪೈಪ್ ಸುತ್ತ ಕಂದು ಕಲೆ ಇದೆಯಾ ಅಂತ ನೋಡಿ.

ಈಗಿರುವ ಮನೆಯಲ್ಲೇ ಉಳಿಯಬೇಕಾದರೂ ಆಗುತ್ತದೆ. ಬಾಗಿಲಿಗೆ ಒಂದು ಗೇಣು ಎತ್ತರದ ಅಲ್ಯೂಮಿನಿಯಂ ಅಥವಾ ಮರದ ಹಲಗೆ, ರಬ್ಬರ್ ಪಟ್ಟಿ ಸೇರಿಸಿ, ಬೇಕಾದಾಗ ಇಳಿಸುವ ಹಾಗೆ ಮಾಡಿಸಬಹುದು. ಬಚ್ಚಲಿನ ಪೈಪಿಗೆ ನೀರು ಹಿಂದೆ ಬರದ ವಾಲ್ವ್ ಬೇಕು. ಅದನ್ನು ಹಾಕದೆ ಹಲಗೆ ಮಾತ್ರ ಹಾಕಿದರೆ ಬಾಗಿಲಿನಿಂದ ಬರುವ ನೀರು ಬಚ್ಚಲಿನಿಂದ ಬರುತ್ತದೆ. ಇದಕ್ಕೆಲ್ಲ ಮನೆ ಮಾಲೀಕರು ಒಪ್ಪಬೇಕು. ಬಾಡಿಗೆ ಕರಾರಿನಲ್ಲಿ ರಿಪೇರಿ ಯಾರದ್ದು ಅಂತ ಬರೆದಿರುತ್ತದೆ, ಓದಿ. ಬಾಯಿಮಾತು ಬೇಡ. ಆ ಸಂಜೆಯ ಫೋಟೋ ಸೇರಿಸಿ ಬರವಣಿಗೆಯಲ್ಲಿ ಕೇಳಿ. ಮಾಲೀಕರು ಸ್ಪಂದಿಸದಿದ್ದರೆ ಆ ಮನೆಯಲ್ಲಿ ಇನ್ನೊಂದು ಚಳಿಗಾಲ ಕಳೆಯಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ.

ಮಕ್ಕಳನ್ನು ಊರಲ್ಲೇ ಬಿಡುವ ಯೋಚನೆ? ಬೇರೆ ಕಾರಣ ಇದ್ದರೆ ಅದು ನಿಮ್ಮ ಮನೆಯ ವಿಷಯ. ಮಳೆಯೊಂದಕ್ಕೇ ಆದರೆ ಬೇಡ. ವರ್ಷದಲ್ಲಿ ಒಂದೆರಡು ಸಂಜೆಗೋಸ್ಕರ ಅಪ್ಪನನ್ನು ಒಂದು ಕಡೆ, ಮಕ್ಕಳನ್ನು ಒಂದು ಕಡೆ ಮಾಡಬೇಡಿ. ನಾನು ಹಾಗೆ ಮಾಡಿದವನು. ಬೇರೆ ಕಾರಣಕ್ಕೆ, ಆದರೂ ಮಾಡಿದೆ. ಮಗಳ ಐದರಿಂದ ಎಂಟನೇ ಕ್ಲಾಸಿನವರೆಗಿನ ದಿನಗಳು ನನಗೆ ಫೋನಿನಲ್ಲಿ ಕೇಳಿದ್ದು ಬಿಟ್ಟರೆ ಗೊತ್ತೇ ಇಲ್ಲ. ನಿಮಗೆ ಮರೆಯಲಾಗದ ಆ ಸಂಜೆ ಇದೆಯಲ್ಲ, ಅದು ಮಕ್ಕಳ ಮನಸ್ಸಿನಲ್ಲೂ ಇರಬಹುದು. ಮುಚ್ಚಿಡಬೇಡಿ. ಮಳೆ ಜೋರಾದರೆ ನಾವು ಏನು ಮಾಡುತ್ತೇವೆ ಅಂತ ಅವರಿಗೆ ಹೇಳಿಕೊಡಿ: ಅಪ್ಪ ಅಥವಾ ಅಮ್ಮ ಮೇನ್ ಆಫ್ ಮಾಡುತ್ತಾರೆ, ದೊಡ್ಡವನು ಟಾರ್ಚ್ ತರುತ್ತಾನೆ, ಅಜ್ಜಿಯ ಔಷಧಿ ಡಬ್ಬಿ ಸಣ್ಣವರ ಕೈಯಲ್ಲಿ, ಎಲ್ಲರೂ ಮೇಲಿನ ಮನೆಯ ಬಾಗಿಲಿಗೆ. ಮೇಲಿನ ಮನೆಯವರಿಗೆ ಮೊದಲೇ ಹೇಳಿಡಿ. ಅಲ್ಲಿ ಮಲಯಾಳಿಗಳೋ, ಪಾಕಿಸ್ತಾನದವರೋ, ಯಾರಾದರೂ ಇರಲಿ, ಇಂಥ ಹೊತ್ತಿಗೆ ಬಾಗಿಲು ಹಾಕಿದವರನ್ನು ನಾನು ನೋಡಿಲ್ಲ. ತುರ್ತಿಗೆ ಅಲ್ಲಿಯ ನಂಬರ್ 999, ಮಕ್ಕಳಿಗೂ ಬಾಯಿಪಾಠ ಇರಲಿ.

ಕಾರಿನ ಬಗ್ಗೆ ಗಂಡನಿಗೆ ಎರಡು ಮಾತು. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಗಾಳಿ ಎಳೆಯುವ ಜಾಗದಿಂದ ನೀರು ಸಿಲಿಂಡರಿಗೆ ಹೋಗಿರುತ್ತದೆ, ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ, ಒಳಗಿನ ರಾಡ್ ಬಾಗುತ್ತದೆ. ಸುಮ್ನೆ ಇಳಿದು ತಳ್ಳಿಸಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತು. ಅಂಡರ್‌ಪಾಸ್‌ಗೆ ಇಳಿಯಲೇಬಾರದು, ಒಂದು ಅಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ತಿಂಗಳುಗಟ್ಟಲೆ ಎಣ್ಣೆ, ಧೂಳು ಕೂತ ರಸ್ತೆಯಲ್ಲಿ ಮೊದಲ ಹತ್ತು ನಿಮಿಷದ ಮಳೆ ಪಾಚಿ ಕಟ್ಟಿದ ಅಂಗಳಕ್ಕಿಂತ ಹೆಚ್ಚು ಜಾರುತ್ತದೆ. ಆಫೀಸಿನಲ್ಲೇ ಒಂದು ಗಂಟೆ ಕೂತಿದ್ದು ಬರಲಿ. ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಪ್ರವಾಹದ ಹಾನಿ ಸೇರಿದೆಯಾ ಅಂತ ಕೇಳಬೇಕು. ಥರ್ಡ್ ಪಾರ್ಟಿಯಲ್ಲಿ ಸ್ವಂತ ಕಾರಿನ ಹಾನಿಗೆ ಏನೂ ಸಿಗುವುದಿಲ್ಲ.

ಮಗನ ಪಾಸ್‌ಪೋರ್ಟನ್ನು ಇವತ್ತೇ ಬೆಳಕಿಗೆ ಹಿಡಿದು ನೋಡಿ. ಫೋಟೋ ಇರುವ ಪುಟ, ನಂಬರ್, ಕೆಳಗಿನ ಎರಡು ಸಾಲು ಅಕ್ಷರ ಮಸುಕಾಗಿದ್ದರೆ, ಅಥವಾ ಹೊಲಿಗೆ ಬಿಟ್ಟಿದ್ದರೆ, ಬರುವಾಗ ಬಿಟ್ಟರು ಅಂತ ಹೋಗುವಾಗ ಬಿಡುತ್ತಾರೆ ಅನ್ನುವ ಧೈರ್ಯ ಬೇಡ. ಹಾಳಾದ ಪಾಸ್‌ಪೋರ್ಟ್ ಅಂತಲೇ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ, ಆಗಸ್ಟ್‌ಗೆ ಕಾಯದೆ. ಹೊಸದು ಬಂದ ಮೇಲೂ ಹಳೆಯದನ್ನು ಜೊತೆಗೇ ತೆಗೆದುಕೊಂಡು ಹೋಗಿ. ಆಮೇಲೆ ಎಲ್ಲರ ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಕ್ಕಳ ಸರ್ಟಿಫಿಕೇಟ್ ಒಂದು ಜಿಪ್ ಇರುವ ಪ್ಲಾಸ್ಟಿಕ್ ಫೋಲ್ಡರಿನಲ್ಲಿ, ಕಪಾಟಿನ ಮೇಲಿನ ಹಲಗೆಯಲ್ಲಿ. ಮಂಚದ ಅಡಿ ಬೇಡ.

ಅಮ್ಮನಿಗೂ ಒಂದು ವ್ಯವಸ್ಥೆ ಮಾಡಿ. ಅಲ್ಲಿ ಮಳೆ ಅಂತ ಟಿವಿಯಲ್ಲಿ ಬಂದ ಕೂಡಲೇ ಇಲ್ಲಿ ಅವರು ಫೋನ್ ಹಿಡಿದು ಕೂರುತ್ತಾರೆ, ಎಲ್ಲಿಯದ್ದೋ ವಿಡಿಯೋ ನೋಡಿ ಅಳುತ್ತಾರೆ. ಧೈರ್ಯ ಹೇಳುವವರೂ ಅವರೇ, ನಿದ್ದೆ ಬಿಡುವವರೂ ಅವರೇ, ಅಲ್ವಾ? ಬೆಳಿಗ್ಗೆ ಒಂದು, ರಾತ್ರಿ ಒಂದು ಮೆಸೇಜ್, 'ಎಲ್ಲರೂ ಮನೆಯಲ್ಲಿದ್ದೇವೆ' ಅಂತ ಮಾತ್ರ. ಫೋನ್ ಚಾರ್ಜ್ ಉಳಿಸಬೇಕು, ಅದಕ್ಕೇ ಕಾಲ್ ಮಾಡುವುದಿಲ್ಲ ಅಂತ ಈಗಲೇ ಹೇಳಿಡಿ.

ಮನೆ ಯಾವುದೇ ಆಗಲಿ, ಅಕ್ಟೋಬರ್ ಕೊನೆಯ ಒಂದು ಶುಕ್ರವಾರ ಗಂಡ ನಾತೂರ್ ಜೊತೆ ಟೆರೇಸ್ ಹತ್ತಲಿ. ಕೈಗವಸು ಹಾಕಿ ನೀರಿನ ತೂತಿನ ಪುಕ್ಕ, ಕೆಸರು ತೆಗೆದು, ಎರಡು ಬಕೆಟ್ ನೀರು ಸುರಿದು ನೋಡಲಿ. ಸರಸರ ಇಳಿದರೆ ಸರಿ. ನಿಂತು ನಿಂತು ಇಳಿದರೆ ಪೈಪಿನ ಕೆಳಗೆಲ್ಲೋ ಕಟ್ಟಿದೆ ಅಂತ ಅರ್ಥ, ಮಾಲೀಕರಿಗೆ ಅದೇ ದಿನ ಬರೆಯಬೇಕು. ನಾತೂರ್‌ಗೆ ಚಾ, ತಿಂಡಿ ಕೊಟ್ಟು, ಮಳೆಯ ಮೊದಲು ತಿಂಗಳಿಗೊಮ್ಮೆ ಇದನ್ನು ಮಾಡು ಅಂತ ಒಪ್ಪಿಸಿ. ಮೊದಲನೇ ಮಹಡಿಯ ಮನೆ ಸಿಕ್ಕಿದರೆ ಅದರ ಮೀಟರ್ ಬೋರ್ಡಿನ ಒಂದು ಫೋಟೋ, ಗೋಡೆಯ ಬುಡದ ಒಂದು ಫೋಟೋ ನನಗೆ ಕಳಿಸಿ. ಕರಾರಿಗೆ ಸಹಿ ಹಾಕುವ ಮೊದಲು ನೋಡಿ ಹೇಳುತ್ತೇನೆ.